ಕೊಟ್ಟಿಗೆಯ ಸೂರಿನ ಕೆಳಗೂ ಇಬ್ಬನಿ ಬೀಳುತ್ತದಾ?

ಪ್ರಶ್ನೆ: ಮೇಡಂ, ನಮ್ಮ ಹೊಲದಲ್ಲಿ ಗೋವಿನಜೋಳ ಈಗಷ್ಟೇ ಮೊಳೆತಿದೆ. ಬೆಳಿಗ್ಗೆ ಹೋದರೆ ಒಂದೊಂದು ಎಲೆಯ ತುದಿಯಲ್ಲೂ ಒಂದೊಂದು ಹನಿ ನಿಂತಿರುತ್ತದೆ. ಅಪ್ಪ ‘ಇಬ್ಬನಿ’ ಅಂತಾರೆ. ಆದರೆ ಕೊಟ್ಟಿಗೆಯ ಸೂರಿನ ಕೆಳಗೆ ಕಾಳು ಚೆಲ್ಲಿ ಹುಟ್ಟಿದ ಸಸಿಗಳಲ್ಲೂ ಹಾಗೇ ಹನಿ ಇರುತ್ತದೆ. ಪಕ್ಕದಲ್ಲಿಟ್ಟ ಗುದ್ದಲಿ ಮಾತ್ರ ಒಣಗಿರುತ್ತದೆ. ಸೂರಿನ ಕೆಳಗೂ ಇಬ್ಬನಿ ಬೀಳುತ್ತದಾ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ಆ ಒಣಗಿದ ಗುದ್ದಲಿಯನ್ನು ನೀನು ಗಮನಿಸಿದೆಯಲ್ಲ, ಓದಿ ತುಂಬ ಖುಷಿಯಾಯಿತು. ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲು ನಿಜವಾದ ಇಬ್ಬನಿಯ ವಿಷಯ. ‘ಇಬ್ಬನಿ ಬಿತ್ತು’ ಅಂತೀವಿ, ಆದರೆ ಅದು ಮೇಲಿಂದ ಬೀಳುವುದಿಲ್ಲ. ಎಲೆಯ ಮೇಲೇ ಹುಟ್ಟುತ್ತದೆ. ಗಾಳಿಯಲ್ಲಿ ಯಾವಾಗಲೂ ನೀರಿನ ಆವಿ ಇರುತ್ತದೆ. 30 ಡಿಗ್ರಿ ಬಿಸಿಯಿರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ಆವಿ ಇರಬಹುದು. 15 ಡಿಗ್ರಿಗೆ ಇಳಿದರೆ ಸುಮಾರು 13 ಗ್ರಾಂ ಅಷ್ಟೇ. ಹೊತ್ತು ಮುಳುಗಿದ ಮೇಲೆ ಹುಲ್ಲು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತಾ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಹೆಚ್ಚಾದ ಆವಿ ಹನಿಯಾಗಿ ಕೂರುತ್ತದೆ. ಬೇಸಿಗೆಯಲ್ಲಿ ತಣ್ಣೀರಿನ ಲೋಟದ ಹೊರಗೆ ನೀರು ಕೂರುವುದೂ ಹೀಗೇ ಅಲ್ವಾ?

ಮೋಡ ಕವಿದ ರಾತ್ರಿ ಇಬ್ಬನಿ ಕಡಿಮೆ. ಮೋಡ ಕಂಬಳಿಯ ಹಾಗೆ ಬಿಸಿಯನ್ನು ವಾಪಸ್ ಕೊಡುತ್ತದೆ. ಮರ, ಸೂರು ಮಾಡುವುದೂ ಅದೇ ಕೆಲಸ. ಅಂಗಳದಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಒದ್ದೆ, ಪಡಸಾಲೆಯಲ್ಲಿ ನಿಲ್ಲಿಸಿದ್ದು ಒಣ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯರು. 1814ರಲ್ಲಿ ಇಬ್ಬನಿಯ ಮೇಲೇ ಒಂದು ಪುಸ್ತಕ ಬರೆದರು. ಉಣ್ಣೆಯ ಉಂಡೆಗಳನ್ನು ತೂಗಿ ರಾತ್ರಿ ಹೊರಗಿಡುತ್ತಿದ್ದರು, ಆಮೇಲೆ ಮತ್ತೆ ತೂಗುತ್ತಿದ್ದರು. ಒಂದು ಸಲ ಹುಲ್ಲಿನ ಮೇಲೆ ಸುಟ್ಟ ಮಣ್ಣಿನ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಅದರೊಳಗೆ ಒಂದು ಉಂಡೆ ಇಟ್ಟರು. ಕೊಳವೆಯ ಬಾಯಿ ತೆರೆದೇ ಇತ್ತು. ಇಬ್ಬನಿ ಮೇಲಿಂದ ಬೀಳುವುದಾದರೆ ಅದರೊಳಗೂ ಬೀಳಬೇಕಿತ್ತು. ಆದರೆ ಬಯಲಲ್ಲಿದ್ದ ಉಂಡೆ ಚೆನ್ನಾಗಿ ನೆನೆದರೆ, ಕೊಳವೆಯೊಳಗಿನದಕ್ಕೆ ಸಿಕ್ಕಿದ್ದು ತುಂಬ ಕಡಿಮೆ ನೀರು. ಸುತ್ತಲಿನ ಗೋಡೆ ಆಕಾಶವನ್ನು ಮರೆಮಾಡಿತ್ತು. ಹಾಗಾಗಿ ಉಣ್ಣೆ ಅಷ್ಟು ತಣ್ಣಗಾಗಲೇ ಇಲ್ಲ.

ನಿನ್ನ ಗುದ್ದಲಿ ಒಣಗಿರುವುದೂ ಇದಕ್ಕೇ. ಹಾಗಾದರೆ ಅದರ ಪಕ್ಕದ ಸಸಿಗೆ ಹನಿ ಎಲ್ಲಿಂದ ಬಂತು?

ಬೇರಿನಿಂದ. ಅದು ಗಿಡದ ಒಳಗಿನ ನೀರು.

ಹಗಲಲ್ಲಿ ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಿರುತ್ತದೆ. ರಾತ್ರಿ ಆ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬೇರು ಮಾತ್ರ ಸುಮ್ನೆ ಕೂರುವುದಿಲ್ಲ. ಮಣ್ಣಿನ ಲವಣಗಳನ್ನು ಒಳಗೆ ಎಳೆದುಕೊಳ್ಳುತ್ತಲೇ ಇರುತ್ತದೆ, ಅದರ ಹಿಂದೆಯೇ ನೀರೂ ಬರುತ್ತದೆ. ಒಳಗೆ ಒತ್ತಡ ಏರಿ, ಎಲೆಯ ನರಗಳು ಮುಗಿಯುವ ಕಡೆ ಇರುವ ಬೇರೆ ರಂಧ್ರಗಳಿಂದ ನೀರು ಹೊರಬರುತ್ತದೆ. ಇವು ಸಾಮಾನ್ಯವಾಗಿ ಮುಚ್ಚಿಕೊಳ್ಳುವುದಿಲ್ಲ. ಇದಕ್ಕೆ ಗಟೇಶನ್ ಅಂತಾರೆ. ಗೋವಿನಜೋಳ, ಭತ್ತ, ರಾಗಿಯಲ್ಲಿ ಹನಿ ತುದಿಯಲ್ಲಿ ನಿಲ್ಲುತ್ತದೆ. ಟೊಮ್ಯಾಟೊದಲ್ಲಿ ಎಲೆಯ ಅಂಚಿನುದ್ದಕ್ಕೂ ಮಣಿ ಪೋಣಿಸಿದ ಹಾಗೆ. ನಮ್ಮ ಹಿತ್ತಲಿನ ಕೆಸುವಿನ ಮುಂದೆ ಒಂದು ರಾತ್ರಿ ಟಾರ್ಚ್ ಹಿಡಿದು ಕೂತಿದ್ದೆ. ತುದಿಯಲ್ಲಿ ಹನಿ ನಿಧಾನವಾಗಿ ದಪ್ಪವಾಗುತ್ತದೆ, ನಡುಗುತ್ತದೆ, ತಟ್ಟನೆ ಕಳಚಿ ಬೀಳುತ್ತದೆ. ಅದೇ ಜಾಗದಲ್ಲಿ ಇನ್ನೊಂದು ಶುರುವಾಗುತ್ತದೆ. ಎದ್ದು ಬರಲು ಮನಸ್ಸೇ ಆಗಲಿಲ್ಲ.

ಅಪ್ಪ ಹೇಳಿದ್ದೂ ಪೂರ್ತಿ ತಪ್ಪಲ್ಲ. ಬಯಲಲ್ಲಿ ಒಂದೇ ಎಲೆಯ ಮೇಲೆ ಎರಡೂ ಇರುತ್ತವೆ. ಎಲೆಯ ಮೈತುಂಬ ಸಣ್ಣಗೆ ಹರಡಿದ್ದರೆ ಇಬ್ಬನಿ. ತುದಿಯಲ್ಲಿ ದಪ್ಪ ಹನಿಯೊಂದೇ ಇದ್ದರೆ ಅದು ಹೆಚ್ಚಾಗಿ ಗಿಡದ್ದೇ. ಗಿಡದ ಹನಿಯಲ್ಲಿ ಲವಣ, ಸಕ್ಕರೆ ಸ್ವಲ್ಪ ಸ್ವಲ್ಪ ಇರುತ್ತವೆ. ಎಲೆಯ ಮೇಲೆ ಒಣಗಿದಾಗ ಕೆಲವು ಸಲ ಬಿಳಿ ಕಲೆ ಉಳಿಯುತ್ತದೆ.

ಕಡಲೆ ಗಿಡದ ಕಥೆ ಇನ್ನೊಂದು. ಗದಗದ ಕಡೆ ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಕಡಲೆ ಬೆಳೆಯುತ್ತಿದ್ದರು. ಅಜ್ಜ ಸಂಜೆ ಗಿಡಗಳ ಮೇಲೆ ಬಿಳಿ ಧೋತರ ಹಾಸಿ ಬರುತ್ತಿದ್ದರು. ನಸುಕಿನಲ್ಲಿ ಅದನ್ನು ಪಾತ್ರೆಗೆ ಹಿಂಡಿದರೆ ಹುಳಿ ನೀರು! ನೀರು ಇಬ್ಬನಿಯದು, ಹುಳಿ ಗಿಡದ್ದು. ಕಡಲೆ ಗಿಡದ ಮೈಮೇಲಿನ ಸಣ್ಣ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಎಂಬ ಆಮ್ಲಗಳನ್ನು ಒಸರುತ್ತವೆ. ಇಬ್ಬನಿಯಲ್ಲಿ ಅವು ಕರಗುತ್ತವೆ. ಬರಿಗಾಲಲ್ಲಿ ಆ ಹೊಲ ದಾಟಿ ಶಾಲೆಗೆ ಹೋದ ದಿನ ಕಾಲು ಉರಿಯುತ್ತಿದ್ದದ್ದು ಯಾಕೆ ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ.

ನೀನು ಅಷ್ಟು ಕಾಯಬೇಕಿಲ್ಲ. ಎರಡು ಲೋಟದಲ್ಲಿ ಮಣ್ಣು ತುಂಬಿ ನಾಲ್ಕು ನಾಲ್ಕು ಗೋವಿನಜೋಳದ ಕಾಳು ಹಾಕು. ಸಸಿ ಗೇಣುದ್ದ ಆದಾಗ ಒಂದಕ್ಕೆ ನೀರು ಹಾಕುವುದನ್ನು ನಿಲ್ಲಿಸು, ಎರಡು ದಿನ ಬಿಟ್ಟು ಇನ್ನೊಂದಕ್ಕೆ ಸಂಜೆ ಧಾರಾಳವಾಗಿ ನೀರು ಹಾಕು. ಎರಡನ್ನೂ ಮನೆಯೊಳಗೆ ಒಂದೇ ಬುಟ್ಟಿಯ ಕೆಳಗೆ ಮುಚ್ಚಿಡು. ಯಾವ ಲೋಟದ ಸಸಿಯಲ್ಲಿ ಹನಿ ಬಂತು ಅಂತ ನನಗೆ ಬರೆದು ತಿಳಿಸು. ಬಿಸಿಲು ಬರುವ ಮೊದಲೇ ಎದ್ದು ನೋಡು, ಆಮೇಲೆ ಹನಿ ಇರುವುದಿಲ್ಲ.