ಎಲ್ಲ ಮಾಹಿತಿಯೂ ಮೊಬೈಲ್‌ನಲ್ಲೇ ಸಿಗುವಾಗ ಜ್ಞಾನ, ವಿವೇಕಗಳಿಗೆ ಇನ್ನೂ ಬೆಲೆ ಇದೆಯೇ?

ಜ್ಞಾನಕ್ಕೆ ಬೆಲೆ ಇದೆ, ಆದರೆ ನಮ್ಮವರು ಅದನ್ನು ಗಂಡಾಂತರ ಬಂದ ಮೇಲೆಯೇ ಕೊಡುತ್ತಾರೆ. ವಿವೇಕದ ಸಂಗತಿ ಬೇರೆ. ನಾನು ಸಿಂಧನೂರು ಕಡೆಯ ರೈತ, ತುಂಗಭದ್ರಾ ಎಡದಂಡೆ ನಾಲೆಯನ್ನು ನಂಬಿದವನು. ಹಾಗಾಗಿ ಅಲ್ಲಿಯ ಮಾತನ್ನೇ ಹೇಳುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್, ಅಂದರೆ ಹೆಚ್ಚಾದ ನೀರನ್ನು ಹೊರಬಿಡುವ ಬಾಗಿಲು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಮರುದಿನದಿಂದ ವಾಟ್ಸಾಪ್‌ನಲ್ಲಿ ಎಲ್ಲರೂ ಗೇಟ್ ತಜ್ಞರೇ. ಜಲಾಶಯವನ್ನು ಅರ್ಧದಷ್ಟು ಬರಿದು ಮಾಡದೆ ದುರಸ್ತಿ ಆಗದು ಎಂಬ ಮಾತು ಕೇಳಿ ನಾಟಿ ಮಾಡಿದವರ ಎದೆ ಒಡೆದಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಅನುಭವ. ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ ವಾರದೊಳಗೆ ಕಿಂಡಿ ಮುಚ್ಚಿದರು. ಆಗ ಹೂವಿನ ಹಾರ, ಜೈಕಾರ ಎಲ್ಲ ಆಯಿತು. ಹಳೆಯ ಗೇಟ್‌ಗಳ ಬಗ್ಗೆ ಬಲ್ಲವರ ಮಾತನ್ನು ಬೇಸಿಗೆಯಲ್ಲಿ ಎಷ್ಟು ಜನ ಕೇಳುತ್ತಾರೆ?

ಇನ್ನು ವಿವೇಕ. ಎಡದಂಡೆ ನಾಲೆಯನ್ನು ಯೋಜಿಸಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಆದರೆ ಗಂಗಾವತಿಯಿಂದ ಇತ್ತ ಕಣ್ಣು ಹಾಯಿಸಿದಷ್ಟೂ ಭತ್ತ. ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು ಪ್ರತಿ ಹಂಗಾಮಿನಲ್ಲೂ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಮೇಲ್ಭಾಗದಲ್ಲಿ ಎರೆಭೂಮಿಯ ನೀರು ಬಸಿಯದೆ ಅಂತರ್ಜಲ ಮೇಲೇರಿ, ಉಪ್ಪನ್ನೂ ಹೊತ್ತು ತಂದು, ಹೊಲಗಳು ಸವಳು–ಜವಳಾಗುತ್ತಿವೆ, ಅಂದರೆ ಉಪ್ಪುಗಟ್ಟಿ, ನೀರು ನಿಂತು ಕೆಡುತ್ತಿವೆ. ಹೂಳಿನಿಂದಾಗಿ 133 ಟಿಎಂಸಿಯ ಜಲಾಶಯದಲ್ಲಿ ಈಗ ನಿಲ್ಲುವುದು ಸುಮಾರು 105 ಟಿಎಂಸಿ. ಇದು ಯಾರಿಗೆ ಗೊತ್ತಿಲ್ಲ? ಸವಳು ಭೂಮಿಯ ಅಧ್ಯಯನಕ್ಕೆಂದೇ ಗಂಗಾವತಿಯಲ್ಲಿ ಸಂಶೋಧನಾ ಕೇಂದ್ರವಿದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಬಸಿಗಾಲುವೆ ಹೇಗೆ ತೆಗೆಯಬೇಕೆಂದು ಚಹಾದಂಗಡಿಯಲ್ಲಿ ಕುಳಿತವರೂ ವಿವರಿಸುತ್ತಾರೆ.

ಹಾಗೆಂದು ರೈತನಿಗೆ ಬುದ್ಧಿ ಇಲ್ಲ ಎನ್ನುವ ಪಟ್ಟಣದವರ ಮಾತಿಗೆ ನಾನು ತಲೆಯಾಡಿಸುವುದಿಲ್ಲ. ಮೇಲಿನ ಹೊಲದವನು ಭತ್ತ ನಾಟಿ ಮಾಡಿದರೆ ನೀರು ನನ್ನ ಹೊಲಕ್ಕೆ ಬಸಿದು ಬರುತ್ತದೆ. ಅಲ್ಲಿ ಹತ್ತಿಯ ಬೇರು ಕೊಳೆಯುತ್ತದೆ. ನಾನೂ ಭತ್ತಕ್ಕೇ ಹೋಗಬೇಕು. ರೈಸ್ ಮಿಲ್ ಇರುವುದು, ಸಾಲ ಹುಟ್ಟುವುದು, ವ್ಯಾಪಾರಿ ಬಾಗಿಲಿಗೆ ಬರುವುದು ಎಲ್ಲವೂ ಭತ್ತಕ್ಕೇ. ಒಬ್ಬನೇ ವಿವೇಕಿಯಾದರೆ ಆ ವರ್ಷದ ನಷ್ಟವೂ ಅವನೊಬ್ಬನದೇ.

ಮೊಬೈಲ್‌ನಲ್ಲಿ ಸಿಗದಿರುವುದು ಇದೇ. ಒಂದು ಉಪಕಾಲುವೆಯ ರೈತರೆಲ್ಲ ಸೇರಿ, ಈ ಹಂಗಾಮಿಗೆ ಜೋಳ ಎಂದು ಒಪ್ಪಬೇಕು. ಜೋಳ ಬಿತ್ತಿದವನಿಗೆ ಬೆಂಬಲ ಬೆಲೆಯ ಖರೀದಿ ಕೇಂದ್ರವೂ ಸಮಯಕ್ಕೆ ತೆರೆಯಬೇಕು. ನಮ್ಮ ಕಾಲುವೆಯ ಸಭೆಗಳಲ್ಲಿ ಮೊದಲನೆಯದಕ್ಕೆ ಕೈ ಎತ್ತಿದವರಿದ್ದಾರೆ. ಎರಡನೆಯದನ್ನು ಯಾರು ನಡೆಸಿಕೊಡುತ್ತಾರೆ ಎಂದು ಕೇಳಿದ ಕೂಡಲೇ ಎತ್ತಿದ ಕೈಗಳು ಕೆಳಗಿಳಿಯುತ್ತವೆ.