65 ಇಂಚಿನ ಟಿವಿಗೆ ಒಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ: ಯಾವುದನ್ನು ಆರಿಸಬೇಕು?

ಹಗಲಿನ ಬೆಳಕು ಧಾರಾಳವಾಗಿ ಬೀಳುವ ಹಜಾರಕ್ಕೆ ಮಿನಿ ಎಲ್‌ಇಡಿ ಟಿವಿ ಸೂಕ್ತ. ಕತ್ತಲು ಮಾಡಿಕೊಂಡು ಸಿನಿಮಾ ನೋಡುವವರಿಗೆ, ಬೆಲೆ ಹೊಂದುವುದಾದರೆ, ಒಎಲ್‌ಇಡಿಯೇ ಮೇಲು.

ಬೆಳಕು ಎಲ್ಲಿಂದ ಬರುತ್ತದೆ ಎಂಬುದೇ ಇವುಗಳ ಮುಖ್ಯ ವ್ಯತ್ಯಾಸ. ಎಲ್‌ಸಿಡಿ ಪರದೆಯ ಪಿಕ್ಸೆಲ್‌ಗಳು, ಅಂದರೆ ಚಿತ್ರವನ್ನು ಮೂಡಿಸುವ ಪುಟ್ಟ ಚುಕ್ಕೆಗಳು, ತಾವಾಗಿ ಬೆಳಗುವುದಿಲ್ಲ. ಹಿಂದಿರುವ ಎಲ್‌ಇಡಿ ದೀಪಗಳ ಬೆಳಕನ್ನು ದ್ರವಸ್ಫಟಿಕದ ಪದರವು ಬೇಕಾದಷ್ಟು ಬಿಟ್ಟು ಉಳಿದದ್ದನ್ನು ತಡೆಯುತ್ತದೆ, ಆದರೆ ಪೂರ್ತಿಯಾಗಿ ತಡೆಯಲಾರದ ಕಾರಣ ಕಪ್ಪು ಭಾಗವು ಬೂದುಬಣ್ಣವಾಗಿ ಕಾಣುತ್ತದೆ. ಎಲ್‌ಸಿಡಿಯದೇ ಒಂದು ಬಗೆಯಾದ ಮಿನಿ ಎಲ್‌ಇಡಿಯಲ್ಲಿ ಹಿಂದಿನ ಪುಟ್ಟ ದೀಪಗಳನ್ನು ಅನೇಕ ವಲಯಗಳಾಗಿ ವಿಂಗಡಿಸಿ, ಕತ್ತಲೆಯ ವಲಯಗಳನ್ನಷ್ಟೇ ಮಂದಗೊಳಿಸಲಾಗುತ್ತದೆ. ಆದರೂ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿದ್ದು, ಒಂದೊಂದು ವಲಯದಲ್ಲಿ ಸಾವಿರಾರು ಪಿಕ್ಸೆಲ್‌ಗಳು ಸೇರುವುದರಿಂದ, ಕಪ್ಪು ಹಿನ್ನೆಲೆಯ ಬಿಳಿ ಸಬ್‌ಟೈಟಲ್‌ನ ಸುತ್ತ ಮಸುಕಾದ ಪ್ರಭೆ ಉಳಿಯಬಹುದು. ಒಎಲ್‌ಇಡಿಯಲ್ಲಿ ಪ್ರತಿಯೊಂದು ಪಿಕ್ಸೆಲ್ ತಾನೇ ಬೆಳಗಿ ತಾನೇ ಆರುತ್ತದೆ. ಆದ್ದರಿಂದ ಅಲ್ಲಿನ ಕಪ್ಪು ಅಪ್ಪಟ ಕಪ್ಪು.

ಅದಕ್ಕೂ ಮಿತಿಗಳಿವೆ. ಹಗಲಿನ ಕ್ರಿಕೆಟ್ ಮೈದಾನದಂತೆ ಪರದೆಯಿಡೀ ಬೆಳಗಬೇಕಾದಾಗ ಅದರ ಪ್ರಖರತೆ ಮಿನಿ ಎಲ್‌ಇಡಿಗಿಂತ ಸಾಮಾನ್ಯವಾಗಿ ಕಡಿಮೆ. ಜೊತೆಗೆ, ಒಂದೇ ಸುದ್ದಿವಾಹಿನಿಯನ್ನು ದಿನವಿಡೀ ಹಾಕಿಡುವ ಮನೆಯಲ್ಲಿ, ಅದರ ಲಾಂಛನದ ಜಾಗದ ಪಿಕ್ಸೆಲ್‌ಗಳು ಬೇಗ ಸವೆದು ಶಾಶ್ವತ ಕಲೆ ಉಳಿಯುವ ಅಪಾಯವಿದೆ.

ಕ್ಯೂಎಲ್‌ಇಡಿ ಎಂದು ಮಾರುವುದೂ ಎಲ್‌ಸಿಡಿಯೇ. ಕ್ವಾಂಟಮ್ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ಪದರವು ಅದರ ಬಣ್ಣಗಳನ್ನು ಹೆಚ್ಚು ಶುದ್ಧಗೊಳಿಸುತ್ತದೆಯೇ ಹೊರತು ಕಪ್ಪನ್ನು ಗಾಢವಾಗಿಸುವುದಿಲ್ಲ. ಅಂಗಡಿಯ ಝಗಮಗ ಬೆಳಕಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಆದ್ದರಿಂದ ಸಬ್‌ಟೈಟಲ್ ಇರುವ ರಾತ್ರಿಯ ದೃಶ್ಯವೊಂದನ್ನು ಹಾಕಿಸಿ, ಪಕ್ಕದಿಂದಲೂ ನಿಂತು ನೋಡಿ.