ಮೊದಲ ಮಾತು ಸಾರಥಿಗೆ

ಪತ್ರ: "ಸಂಪಾದಕ ಅಣ್ಣಾರ, ನಮ್ದು ಮಾನ್ವಿ ತಾಲೂಕಿನ ಒಂದು ಹಳ್ಳಿ. ಸಂಘದ ಲೆಕ್ಕ ಬರಿಯಾಕಿ ನಾನ. ನಮ್ಮ ಓಣ್ಯಾಗ ಶುದ್ಧ ನೀರಿನ ಘಟಕ ಬಂದ್ ಆಗಿ ಭಾಳ ದಿನಾತು. ಹೋದ ಗ್ರಾಮಸಭಾದಾಗ ಕೇಳೇಬಿಡ್ಬೇಕಂತ ಎದ್ದು ನಿಂತೆ. ಮೈಕ್ ಕೈಗೆ ಕೊಟ್ರು. 'ಸಾಹೇಬ್ರ' ಅಂದೆ ನೋಡ್ರಿ, ಬಾಯಾಗಿನ ಪಸೆ ಆರಿತು, ಮುಂದ ಮಾತ ಬರ್ಲಿಲ್ಲ. ಹಿಂದ ಯಾರೋ ನಕ್ರು. ಕುಂತುಬಿಟ್ಟೆ. ಈಗ ಮತ್ತ ಸಭಾ ಬಂದೈತಿ. ಅಂಜಿಕಿ ಹೋಗಾಕ ಏನ್ ಮಾಡ್ಬೇಕ್ರಿ? ಹೆಸರು ಹಾಕಬ್ಯಾಡ್ರಿ."

ಉತ್ತರ:

ಅಕ್ಕಾರ, ಅಂಜಿಕೆ ಹೋಗುವ ಮದ್ದು ನನ್ನ ಹತ್ತಿರ ಇಲ್ಲ. ಅದು ಹೋದ ಮೇಲೆ ಮಾತಾಡುತ್ತೇನೆ ಎಂದು ಕೂತರೆ ಆ ಘಟಕದ ಬೀಗ ತುಕ್ಕು ಹಿಡಿದು ಉದುರುತ್ತದೆಯೇ ಹೊರತು ನೀರು ಬರುವುದಿಲ್ಲ. ಅಂಜಿಕೆ ಇದ್ದಂತೆಯೇ ಮೊದಲ ಒಂದು ನಿಮಿಷ ದಾಟುವುದು ಹೇಗೆ ಎಂದು ಕೇಳಿ. ಅದಕ್ಕೆ ಉತ್ತರವಿದೆ. ನಮ್ಮ ಸೀಮೆಯ ಬಯಲಾಟದವರು ಅದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ.

ದೊಡ್ಡಾಟ ನೀವೂ ನೋಡಿರುತ್ತೀರಿ. ಹಗಲೆಲ್ಲ ಹೊಲದಲ್ಲಿ ದುಡಿದ ಹುಡುಗ ರಾತ್ರಿ ಮಾಸ್ತರರ ಮುಂದೆ ತಾಲೀಮು ಮಾಡಿ, ಮೊದಲ ಸಲ ಕರ್ಣನೋ ಅರ್ಜುನನೋ ಆಗಿ ಅಟ್ಟ ಹತ್ತುತ್ತಾನೆ. ಊರಿಗೆ ಊರೇ ಕೆಳಗೆ ಕೂತಿರುತ್ತದೆ. ಅಂಥವನನ್ನು ಏಕಾಏಕಿ ಜನರೆದುರು ದಬ್ಬುವುದಿಲ್ಲ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಅದರ ಹಿಂದೆ ಅವನು ಕುಣಿಯಲು ಶುರು ಮಾಡುತ್ತಾನೆ. ಜನರಿಗೆ ಕಿರೀಟದ ತುದಿ ಕಾಣುತ್ತದೆ, ಗೆಜ್ಜೆ ಕೇಳುತ್ತದೆ, ಮುಖ ಕಾಣುವುದಿಲ್ಲ. ಮದ್ದಲೆಯ ಪೆಟ್ಟಿಗೆ ಕಾಲು ಹೊಂದಿಕೊಂಡ ಮೇಲೆ ತೆರೆ ಸರಿಯುತ್ತದೆ. ಆಗಲೂ ಅವನು ಜನರ ಜೊತೆ ಮಾತಾಡಬೇಕಿಲ್ಲ. ಪಕ್ಕದಲ್ಲಿ ಸಾರಥಿ ಇರುತ್ತಾನೆ. ತಾವು ಯಾರು, ತಮ್ಮ ನಾಮಾಂಕಿತವೇನು, ಈ ಸಭೆಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಕರ್ಣ ಯಾರೆಂದು ಸಾರಥಿಗೂ ಗೊತ್ತು, ಮುಂದಿನ ಸಾಲಿನಲ್ಲಿ ನಿದ್ದೆಗಣ್ಣಲ್ಲಿ ಕೂತ ಮಗುವಿಗೂ ಗೊತ್ತು. ಆದರೂ ಕೇಳುತ್ತಾನೆ. ಉತ್ತರ ಬಾಯಿಪಾಠ. ಹುಡುಗ ತಡವರಿಸಿದರೆ ಸಾರಥಿ ನಡುವೆ ಒಂದು ಚೇಷ್ಟೆಯ ಮಾತು ಹಾಕುತ್ತಾನೆ, ಹಿಮ್ಮೇಳದವರು ಪದ ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ದನಿ ಕುದುರಿರುತ್ತದೆ. ಇದು ಪಾತ್ರ ಪರಿಚಯದ ಪದ್ಧತಿ ಎಂದು ತಿಳಿದವರು ಹೇಳುತ್ತಾರೆ, ಇರಲಿ. ಹೊಸಬನ ಕಾಲು ನಡುಗುವುದನ್ನು ಕಂಡವರೇ ಇದನ್ನು ಇಷ್ಟು ಜೋಪಾನವಾಗಿ ಉಳಿಸಿಕೊಂಡು ಬಂದಿದ್ದಾರೆ ಎಂಬುದು ನನ್ನ ಅನಿಸಿಕೆ.

ನಿಮಗೂ ಒಬ್ಬ ಸಾರಥಿ ಬೇಕು. ಸಂಘದ ಒಬ್ಬ ಗಟ್ಟಿ ಹೆಣ್ಣುಮಗಳನ್ನು, ಸಭೆಯ ಉಸ್ತುವಾರಿಗೆ ಬಂದ ನೋಡಲ್ ಅಧಿಕಾರಿಯ ಮೇಜಿನ ಹತ್ತಿರ, ನಿಮ್ಮ ಕಣ್ಣಿಗೆ ಬೀಳುವಂತೆ ಕೂಡಿಸಿ. ನೀವು ಎದ್ದ ಕೂಡಲೇ "ಏನಾತು ಹೇಳವ್ವ" ಎನ್ನುವುದು ಅವಳ ಕೆಲಸ. ಆಕೆಗೆ ಉತ್ತರ ಕೊಡಿ, ಅಧಿಕಾರಿ ಕೇಳಿಸಿಕೊಳ್ಳಲಿ. ಹೋದ ಸಲ ನೀವು ದೂರನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದಿರಿ, ಮೊದಲ ವಾಕ್ಯವನ್ನು ಮಾತ್ರ ಜೋಡಿಸಿಕೊಂಡಿರಲಿಲ್ಲ ಎಂದು ನಿಮ್ಮ ಪತ್ರ ಓದಿದರೆ ಅನಿಸುತ್ತದೆ. 'ಸಾಹೇಬ್ರ' ಎಂದಾದ ಮೇಲೆ ನಾಲಿಗೆಗೆ ಹೋಗಲು ದಾರಿಯೇ ಇರಲಿಲ್ಲ. ಈ ಸಲ ಸಾಹೇಬರನ್ನು ಬಿಡಿ. "ನಾನು ಇಂಥಾಕಿ, ಇಂಥ ಓಣಿಯಾಕಿ. ನಮ್ಮ ನೀರಿನ ಘಟಕ ಇಂಥ ತಿಂಗಳಿಂದ ಬಂದ್ ಐತಿ. ಯಾವ ತಾರೀಖಿಗೆ ಚಾಲೂ ಮಾಡ್ತೀರಿ?" ಇಷ್ಟೇ. ರೊಟ್ಟಿ ಬಡಿಯುವಾಗಲೂ ಬಾಯಿಗೆ ಬರುವಷ್ಟು ಪಾಠ ಮಾಡಿ.

ಪಸೆ ಆರುವುದಕ್ಕೆ ನಾಚಬೇಡಿ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಜೊಲ್ಲು ಕಡಿಮೆಯಾಗುತ್ತದೆ, ಚರ್ಮದ ಕಡೆಯ ರಕ್ತ ಹಿಂದೆ ಸರಿದು ಅಂಗೈ ತಣ್ಣಗಾಗುತ್ತದೆ. ಬದುವಿನ ಮೇಲೆ ಹಾವು ಕಂಡಾಗಲೂ ಮೈಯಲ್ಲಿ ನಡೆಯುವುದು ಇದೇ. ಹಾವಿಗೂ ಅಧಿಕಾರಿಗೂ ಮೈ ವ್ಯತ್ಯಾಸ ಮಾಡುವುದಿಲ್ಲ (ಕೆಲವರ ವಿಷಯದಲ್ಲಿ ಮೈಯ ಎಣಿಕೆಯೇ ಸರಿ ಇರಬಹುದು). ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಟ್ಟರೆ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಪೂರ್ತಿ ಇಳಿಯಬೇಕೆಂದೇನೂ ಇಲ್ಲ. ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಬೆಳೆದು ಬಂದ ತಿಳಿವಳಿಕೆ ಏನೆಂದರೆ, ತುಸು ತಳಮಳ ಇದ್ದರೆ ಕೆಲಸ ಚುರುಕಾಗುತ್ತದೆ, ಅತಿಯಾದರೆ ಕೆಡುತ್ತದೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಭಾಷಣಕ್ಕೆ ಮುಂಚೆ "ನಾನು ಶಾಂತವಾಗಿದ್ದೇನೆ" ಎಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಎಂದುಕೊಂಡವರು ಚೆನ್ನಾಗಿ ಮಾತಾಡಿದರು. ಆದ್ದರಿಂದ 'ಅಂಜಬ್ಯಾಡ, ಅಂಜಬ್ಯಾಡ' ಎಂದು ನಿಮ್ಮನ್ನು ನೀವೇ ಗದರಿಸಿಕೊಳ್ಳಬೇಡಿ. ಎದೆ ಹೊಡೆದುಕೊಂಡರೆ, ಕೇಳಲಿಕ್ಕೆ ಮೈ ಸಜ್ಜಾಯಿತು ಎಂದುಕೊಳ್ಳಿ.

ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ ಎಂದು ಹೇಳುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಕನ್ನಡಿ ನಗುವುದಿಲ್ಲ, ಅಡ್ಡ ಪ್ರಶ್ನೆ ಹಾಕುವುದಿಲ್ಲ. ಸಂಘದ ಸಭೆಯಲ್ಲೇ ಎದ್ದು ನಿಂತು ಆ ಮೂರು ಮಾತು ಹೇಳಿ. ಒಬ್ಬಾಕೆಗೆ ಹಿಂದೆ ಕೂತು ಬೇಕಂತಲೇ ಕಿಸಕ್ಕನೆ ನಗಲು ಹೇಳಿ. ನಗು ಕೇಳಿಸಿಕೊಂಡೇ ಮೂರನೆಯ ವಾಕ್ಯ ಮುಗಿಸುವುದು ರೂಢಿಯಾಗಲಿ.

ಏಕೆಂದರೆ ನಿಮ್ಮ ಅಂಜಿಕೆಯಲ್ಲಿ ಅರ್ಧ ಮಾತ್ರ ಮೈಯದು. ಉಳಿದರ್ಧ ಆ ನಗುವಿನದು. 'ಹೆಣ್ಮಗಳು ಸಭಾದಾಗ ಬಾಯಿ ಮಾಡ್ತಾಳ' ಎನ್ನುವ ಕಟ್ಟೆಯ ಮಾತಿಗೆ ಉಸಿರಾಟದ ಉಪಾಯ ನಾಟುವುದಿಲ್ಲ. ನಮ್ಮ ನೆರೆಯ ಬಳ್ಳಾರಿಯಲ್ಲಿ ವಕೀಲರೂ ದೊಡ್ಡ ನಟರೂ ಆಗಿದ್ದ ಬಳ್ಳಾರಿ ರಾಘವ (1880–1946) ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕೆಂದು ವಾದಿಸಿದವರು. ರಾಘವರ ಹೆಸರು ಎಲ್ಲರಿಗೂ ನೆನಪಿದೆ, ಸರಿಯೇ. ಆದರೆ ಬಣ್ಣ ಹಚ್ಚಿಕೊಂಡು ಎದುರಿಗೆ ನಿಂತು, ಮರುದಿನ ಅದೇ ಓಣಿಯಲ್ಲಿ ನೀರಿಗೆ ಹೋದವರು ಆ ಹೆಣ್ಣುಮಕ್ಕಳು. ಮುಂದೆ ಅದೇ ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ರಂಗಗೀತೆಗೆ ಜನ ಕಿವಿಗೊಟ್ಟು ಕೂತರು.

ಹಾಗಾಗಿ ಒಬ್ಬರೇ ಹೋಗಬೇಡಿ. ಹತ್ತಾರು ಹೆಂಗಸರು ಒಟ್ಟಿಗೆ ಕೂತ ಕಡೆ ನಗುವವರಿಗೂ ಸ್ವಲ್ಪ ಯೋಚನೆ ಬರುತ್ತದೆ. ಗ್ರಾಮಸಭೆಗಿಂತ ಮುಂಚೆ ವಾರ್ಡ್ ಸಭೆ ಇರುತ್ತದೆ, ಮಹಿಳಾ ಗ್ರಾಮಸಭೆಯೂ ಉಂಟು. ಎಷ್ಟೋ ಊರಲ್ಲಿ ಅವು ಕಾಗದದ ಮೇಲೆಯೇ ಮುಗಿದುಹೋಗುತ್ತವೆ. ಯಾವತ್ತು ಎಂದು ಪಂಚಾಯಿತಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ನಿಮ್ಮ ಮೊದಲ ಮಾತು ಅಲ್ಲೇ, ಪರಿಚಯದ ಮುಖಗಳ ನಡುವೆ ಆಗಲಿ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು, ನಿಮ್ಮ ವಾರ್ಡಿನ ಸದಸ್ಯೆ ಹೆಣ್ಣುಮಗಳೇ ಇದ್ದರೆ ಮೊದಲೇ ಮನೆಗೆ ಹೋಗಿ ವಿಷಯ ಹೇಳಿಡಿ. ಮಾತಿಗೆ ಅವರ ಗಂಡ ಬಂದರೆ "ಅಕ್ಕನ್ನ ಕರೀರಿ" ಅನ್ನಿ.

ಇನ್ನೊಂದು ಕೆಲಸ. ಆ ಮೂರು ಮಾತನ್ನೇ ಅರ್ಜಿಯಾಗಿ ಬರೆದು, ಸಂಘದವರೆಲ್ಲ ಸಹಿ ಮಾಡಿ, ಎರಡು ಪ್ರತಿ ಇಟ್ಟುಕೊಳ್ಳಿ. ಲೆಕ್ಕ ಬರೆಯುವ ಕೈ ನಿಮ್ಮದು, ಕಷ್ಟವಾಗದು. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಪಂಚಾಯಿತಿಯ ಸಹಿ, ಮುದ್ರೆ ಹಾಕಿಸಿಕೊಳ್ಳಿ. ಮತ್ತೆ ಪಸೆ ಆರಿತು ಅನ್ನಿ, ಕಾಗದ ಮೇಜಿನ ಮೇಲಿಟ್ಟು "ಓದ್ರಿ" ಎಂದರೂ ಸಾಕು. ನಿಮ್ಮ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಯುವ ತನಕ ಜಾಗ ಬಿಟ್ಟು ಏಳಬೇಡಿ. 'ಕುಡಿಯುವ ನೀರಿನ ಕುರಿತು ಚರ್ಚಿಸಲಾಯಿತು' ಎಂದು ಒಂದೇ ಗೆರೆ ಗೀಚಿದ್ದರೆ ಓಣಿಯ ಹೆಸರು, ಅವರು ಹೇಳಿದ ತಾರೀಖು ಎರಡನ್ನೂ ಸೇರಿಸಿ ಎನ್ನಿ. ಆ ಪುಟದ ನಕಲು ನಮಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಘಟಕದ ಸುದ್ದಿ ಹಾಕುತ್ತೇವೆ. ನಿಮ್ಮ ಹೆಸರು ಹಾಕುವುದು ಬಿಡುವುದು ಆಗಲೂ ನಿಮ್ಮಿಷ್ಟ.

– ಸಂ.